ಬೆಂಕಿ ಬೀಳುವ ಮುಂಚೆ ಊರು ಸಜ್ಜಾಗುವುದು ಹೇಗೆ? ಕಬ್ಬಿನ ಹೊಲ, ಬಣವೆ, ಕಾಡಂಚಿನ ಹಳ್ಳಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೇಸಿಗೆ ಬಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಒಂದೇ ಥರದ ತಪ್ಪು ಮತ್ತೆ ಮತ್ತೆ ಆಗುತ್ತದೆ. ಕಬ್ಬಿಗೆ ಬೆಂಕಿ ಬಿತ್ತು ಅಂತ ಕೂಗೇಳುತ್ತದೆ. ಅರ್ಧ ಊರು ಕೊಡ, ಬಕೆಟ್ ಹಿಡಿದು ಓಡುತ್ತದೆ. ಅಗ್ನಿಶಾಮಕಕ್ಕೆ ಫೋನ್ ಮಾಡಿದ್ದು ಯಾರು ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೋರ್ ಚಾಲೂ ಮಾಡೋಣ ಅಂದರೆ ಕರೆಂಟ್ ಇಲ್ಲ. ಟ್ಯಾಂಕರ್ ಇದೆ, ಒಳಗೆ ನೀರಿಲ್ಲ. ಜನರಿಗೆ ಧೈರ್ಯ ಜಾಸ್ತಿಯೇ ಇರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಯಾರೂ ಮುಂಚೆ ಕೂತು ಮಾತಾಡಿರುವುದಿಲ್ಲ.

ಅಗ್ನಿಶಾಮಕ ಠಾಣೆ ಸಾಮಾನ್ಯವಾಗಿ ತಾಲ್ಲೂಕು ಊರಲ್ಲಿ ಇರುತ್ತದೆ. ಖಾನಾಪುರದಿಂದ ಕಣಕುಂಬಿ ಕಡೆಗೋ, ಮುಧೋಳದಿಂದ ಹೊಳೆದಂಡೆಯ ತೋಟಪಟ್ಟಿಗೋ ಗಾಡಿ ಬರುವಷ್ಟರಲ್ಲಿ ಒಣ ರವದಿ (ಕಬ್ಬಿನ ಒಣಗಿದ ಎಲೆ) ಎಕರೆಗಟ್ಟಲೆ ಉರಿದಿರುತ್ತದೆ. ಅಂದರೆ ಮೊದಲ ಅರ್ಧ ಗಂಟೆ ಊರಿನ ಪಾಲಿಗೇ ಬಿಟ್ಟದ್ದು. ಕೆಳಗಿನ ಮೊದಲ ನಾಲ್ಕು ಹಂತಗಳನ್ನು ಸಂಕ್ರಾಂತಿ ಆದ ಮೇಲೆ ಶುರು ಮಾಡಿ, ಶಿವರಾತ್ರಿಯೊಳಗೆ ಮುಗಿಸಿಬಿಡಿ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ಊರ ಸುತ್ತ ನಡೆದು ನಕ್ಷೆ ಬರೆಯಿರಿ

ಪಂಚಾಯಿತಿಯ ಒಬ್ಬ ಸದಸ್ಯ, ಲೈನ್‌ಮನ್, ಒಬ್ಬ ಕುರಿಗಾಹಿ, ಟ್ರ್ಯಾಕ್ಟರ್ ಇರುವ ಒಬ್ಬರು. ಕಾಡಂಚಿನ ಊರಾದರೆ ಅರಣ್ಯ ಇಲಾಖೆಯ ಗಾರ್ಡ್. ಇಷ್ಟು ಮಂದಿ ಒಟ್ಟಿಗೆ ನಡೆದು ಬರಲಿ. ಕುರಿಗಾಹಿಯನ್ನು ಬಿಡಬೇಡಿ. ಯಾವ ಮಡ್ಡಿಯಲ್ಲಿ (ಒಣ ದಿಬ್ಬದ ನೆಲ) ಹುಲ್ಲು ಎಷ್ಟು ಒಣಗಿದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ದೊಡ್ಡ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಗುರುತು ಹಾಕಿ. ಕೆಂಪು: ಬೆಂಕಿ ಹುಟ್ಟುವ ಜಾಗ. ಜೋತುಬಿದ್ದ ತಂತಿ, ಕಿಡಿ ಹಾರಿಸುವ ಟಿಸಿ (ಟ್ರಾನ್ಸ್‌ಫಾರ್ಮರ್), ರಸ್ತೆ ಬದಿಯ ಒಣ ಹುಲ್ಲು, ಕಸ ಸುಡುವ ಗುಂಡಿ, ಕಾಮದಹನದ ಜಾಗ, ಜಾತ್ರೆಗೆ ಹೋಗುವವರು ಒಲೆ ಹೂಡುವ ಮರದಡಿಗಳು. ಭಾರತ ಹುಣ್ಣಿಮೆ ಹೊತ್ತಿಗೆ ಸವದತ್ತಿ ಯಲ್ಲಮ್ಮನ ಗುಡ್ಡದ ದಾರಿಯಲ್ಲಿರುವ ಊರುಗಳು ಈ ಕೊನೆಯದನ್ನು ಮರೆಯಲೇಬಾರದು. ಹಳದಿ: ಬೆಂಕಿ ಓಡುವ ಜಾಗ. ಕಟಾವಿಗೆ ಬಂದ ಕಬ್ಬು, ಕಡಿದ ಹೊಲದ ರವದಿ, ಬಣವೆ, ಗಾಯರಾಣದ (ಊರ ಗೋಮಾಳ) ಹುಲ್ಲು, ಇಳಿಜಾರು. ವಿಜಯಪುರ ಕಡೆಯಾದರೆ ಒಣದ್ರಾಕ್ಷಿ ಶೆಡ್ಡುಗಳೂ ಸೇರಲಿ. ನೆರಳು ಪರದೆ ಸರಕ್ಕನೆ ಹತ್ತಿಕೊಳ್ಳುತ್ತದೆ. ಅಲ್ಲಿ ಗಂಧಕ ಇಟ್ಟಿದ್ದರೆ ಅದರ ಹೊಗೆ ಕುಡಿದವರಿಗೆ ಉಸಿರೇ ಕಟ್ಟುತ್ತದೆ. ನೀಲಿ: ಬಾವಿ, ಕೃಷಿ ಹೊಂಡ, ಕಾಲುವೆ, ಟ್ಯಾಂಕರ್ ತಿರುಗುವಷ್ಟು ಅಗಲದ ದಾರಿ.

ನಕ್ಷೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಕಬ್ಬು ಕಡಿಯಲು ಬಂದ ಗ್ಯಾಂಗಿನವರು. ಅವರ ಗುಡಿಸಲು ರವದಿ ಮತ್ತು ಪ್ಲಾಸ್ಟಿಕ್‌ನದು, ಒಲೆ ಬಾಗಿಲಲ್ಲೇ. ದೊಡ್ಡವರು ಹೊಲಕ್ಕೆ ಹೋದ ಮೇಲೆ ಒಳಗೆ ಇರುವುದು ಸಣ್ಣ ಮಕ್ಕಳು. ಗುಡಿಸಲು ಎಲ್ಲಿವೆ, ಎಷ್ಟಿವೆ ಅಂತ ಬರೆದುಕೊಳ್ಳಿ. ಅವರ ಮುಕಾದಮನ (ಗ್ಯಾಂಗಿನ ಮುಖಂಡ) ನಂಬರನ್ನೂ ತಗೊಳ್ಳಿ.

ಜೋತುಬಿದ್ದ ತಂತಿಯ ಬಗ್ಗೆ ಬಾಯಿಮಾತಿನಲ್ಲಿ ಹೇಳಿದರೆ ಏನೂ ಆಗಲ್ಲ. ಫೋಟೊ ಸಮೇತ ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. 1912ಕ್ಕೂ ದೂರು ಹಾಕಿ ನಂಬರ್ ಬರೆದಿಡಿ. ಆಮೇಲೆ ಪರಿಹಾರ ಕೇಳುವ ದಿನ ಬಂದರೆ ಕೈಯಲ್ಲಿರುವುದು ಈ ಎರಡು ಚೀಟಿಯೇ.

## ಹಂತ 2: ಉರಿಯುವುದನ್ನು ದೂರ ಮಾಡಿ

ಇಡೀ ತಯಾರಿಯಲ್ಲಿ ಜಾಸ್ತಿ ಬೆವರು ಬೇಡುವುದು ಇದೇ ಕೆಲಸ. ಜಾಸ್ತಿ ಫಲ ಕೊಡುವುದೂ ಇದೇ.

ಬೆಂಕಿ ರೇಖೆ. ಬೆಂಕಿ ದಾಟದ ಹಾಗೆ ನೆಲವನ್ನು ಬರಿದು ಮಾಡಿದ ಪಟ್ಟಿ ಇದು. ಅಗಲ ಎಷ್ಟಿರಬೇಕು? ಪಕ್ಕದಲ್ಲಿ ನಿಂತ ಹುಲ್ಲು ಅಥವಾ ಬೆಳೆಯ ಎತ್ತರದ ಕನಿಷ್ಠ ಮೂರು ಪಟ್ಟು. ಮೊಣಕಾಲೆತ್ತರದ ಹುಲ್ಲಿಗೆ ಆರು ಅಡಿ ಸಾಕು. ಹತ್ತಡಿ ಕಬ್ಬಿಗೆ ಮೂವತ್ತು ಅಡಿ ಬೇಕು. ಅಷ್ಟು ಜಾಗ ಯಾರೂ ಖಾಲಿ ಬಿಡಲ್ಲ ಅಂತ ನನಗೂ ಗೊತ್ತು. ಹಾಗಾಗಿ ನಡೆಯುವ ದಾರಿ ಹೇಳುತ್ತೇನೆ: ಎರಡು ಫಡಗಳ (ಕಬ್ಬಿನ ತಾಕು) ನಡುವೆ ಟ್ರ್ಯಾಕ್ಟರ್ ಹೋಗುವಷ್ಟು ದಾರಿ ಬಿಡಿ. ಅದರ ಎರಡೂ ಅಂಚಿನ ಸಾಲುಗಳಲ್ಲಿ ಒಣಗಿದ ಎಲೆ ಸುಲಿದು ತೆಗೆಯಿರಿ. ಬದುವಿನ ಹುಲ್ಲು ಕೊಯ್ದು ದನಕ್ಕೆ ಹಾಕಿ. ಕಿಡಿ ಹಾರಿದರೂ ಹತ್ತಿಕೊಳ್ಳುವುದಕ್ಕೆ ಅಂಚಿನಲ್ಲಿ ಏನೂ ಇರಬಾರದು, ಅಷ್ಟೇ.

ಮಡ್ಡಿ, ಗಾಯರಾಣದ ಅಂಚಿಗೆ ಕಲ್ಟಿವೇಟರ್ ಅಥವಾ ರೋಟಾವೇಟರ್ ಹೊಡೆಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಹುಲ್ಲು ಕೊಯ್ದು ಅಲ್ಲೇ ಬಿಟ್ಟು ಬರುತ್ತಾರೆ. ಕೊಯ್ದ ಹುಲ್ಲು ನಿಂತ ಹುಲ್ಲಿಗಿಂತ ಬೇಗ ಒಣಗಿ, ಚೆನ್ನಾಗಿ ಉರಿಯುತ್ತದೆ. ಕೊಯ್ದದ್ದನ್ನು ಎಳೆದು ಹಾಕಿದಾಗಲೇ ರೇಖೆ ಆಗುವುದು.

ಕಾಡಿನೊಳಗಿನ ಬೆಂಕಿ ರೇಖೆಗೆ ನೀವು ಕೈ ಹಾಕಬೇಡಿ. ಅದು ಅರಣ್ಯ ಇಲಾಖೆಯ ಕೆಲಸ. ಖಾನಾಪುರ ತಾಲ್ಲೂಕಿನ ಭೀಮಗಡ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮದಂಥ ಅಭಯಾರಣ್ಯಗಳಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಪರಾಧ. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚಿದೆ ಅಂದರೂ ಕೇಸು ತಪ್ಪಲ್ಲ. ಇಲಾಖೆ ಈ ಸಲ ಯಾವ ರೇಖೆ ಮಾಡಿದೆ, ಯಾವುದು ಬಾಕಿ ಇದೆ ಅಂತ ಗ್ರಾಮ ಅರಣ್ಯ ಸಮಿತಿ ಸಭೆಯಲ್ಲಿ ಕೇಳಿ ನಕ್ಷೆಯಲ್ಲಿ ಹಾಕಿಕೊಳ್ಳಿ.

ಬಣವೆ. ಹಿತ್ತಲಲ್ಲೇ ಕಣಿಕೆ (ಜೋಳದ ಒಣ ದಂಟು) ಒಟ್ಟುವುದು ಸುಲಭ, ಮೇವು ಹಾಕಲೂ ಹತ್ತಿರ. ಆದರೆ ಬೆಂಕಿ ಹೊಲದಿಂದ ಮನೆಗೆ ಬರುವುದು ಇದೇ ಬಣವೆ ಹಿಡಿದು. ಮನೆ, ದನದ ಕೊಟ್ಟಿಗೆಯಿಂದ ಅರವತ್ತು ಅಡಿಯಾದರೂ ದೂರ ಇರಲಿ. ತಂತಿಯ ಕೆಳಗೆ ಬೇಡವೇ ಬೇಡ. ಒಂದೇ ದೊಡ್ಡ ಬಣವೆಯ ಬದಲು ಎರಡು ಮಾಡಿ, ನಡುವೆ ಅಂತರ ಬಿಡಿ. ಒಂದು ಹೋದರೂ ಮಳೆಗಾಲದ ತನಕ ದನಕ್ಕೆ ಇನ್ನೊಂದು ಉಳಿಯುತ್ತದೆ. ಸುತ್ತ ನಾಲ್ಕಡಿ ನೆಲ ಕೆರೆದು ಬರಿದು ಮಾಡಿ.

ರವದಿ. ಸುಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ಸುಡುತ್ತಾರೆ. ಸಾಲು ಬಿಟ್ಟು ಸಾಲು ಹರವಿ, ರವದಿ ಪುಡಿ ಮಾಡುವ ಯಂತ್ರ ಹೊಡೆಸಿ, ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಸಗಣಿ ನೀರು ಹಾಕಿ ನೀರು ಬಿಟ್ಟರೆ ಕೂಳೆ ಕಬ್ಬಿಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಅದೇ ಗೊಬ್ಬರ. ತೇವವೂ ಉಳಿಯುತ್ತದೆ. ಇಷ್ಟು ಹೇಳಿದ ಮೇಲೂ ಸುಡುವವರಿಗೆ ಕನಿಷ್ಠ ಷರತ್ತುಗಳು: ಬಾಜೂ ಹೊಲದವರಿಗೆ ಹಿಂದಿನ ದಿನವೇ ಹೇಳಬೇಕು. ಗಾಳಿ ಇಲ್ಲದ ಬೆಳಗ್ಗೆ ಮಾತ್ರ. ಸುತ್ತ ನೀರು ಹಾಯಿಸಿರಬೇಕು. ತುಂಬಿದ ಟ್ಯಾಂಕರ್ ಬದುವಿನ ಮೇಲೆ ನಿಂತಿರಬೇಕು. ಕಡ್ಡಿ ಗೀರಿ ಊಟಕ್ಕೆ ಹೋಗುವಂತಿಲ್ಲ. ಪಕ್ಕದಲ್ಲಿ ನಿಂತ ಕಬ್ಬಿದ್ದರೆ ಅಥವಾ ಕಾಡಿದ್ದರೆ ಈ ಷರತ್ತುಗಳೂ ಸಾಲಲ್ಲ. ಅಲ್ಲಿ ಸುಡಲೇಬೇಡಿ.

## ಹಂತ 3: ಸಾಮಾನು ಒಂದೇ ಕಡೆ ಇಡಿ

ಬೇಕಾದ ಹೆಚ್ಚಿನ ಸಾಮಾನು ಊರಲ್ಲೇ ಇರುತ್ತದೆ. ಇಪ್ಪತ್ತು ಮನೆಯಲ್ಲಿ ಹಂಚಿಹೋಗಿರುತ್ತದೆ, ಅದೇ ತೊಂದರೆ. ಪಂಚಾಯಿತಿಯ ಅಥವಾ ಗುಡಿಯ ಒಂದು ಕೋಣೆಯಲ್ಲಿ ಇವನ್ನು ಕೂಡಿಸಿ:

- ಸಲಿಕೆ, ಗುದ್ದಲಿ, ಕುಡಗೋಲು, ಕೊಡಲಿ, ಉದ್ದ ಹಿಡಿಯ ಕಬ್ಬಿಣದ ದಂತಿ (ಹುಲ್ಲು ಎಳೆಯುವ ಹಲ್ಲಿನ ಸಾಧನ)
- ಹದಿನಾರು ಲೀಟರಿನ ಬೆನ್ನಿನ ಪಂಪು ನಾಲ್ಕು. ಔಷಧಿ ಹೊಡೆಯುವ ಪಂಪು ತರಬೇಡಿ. ಅದರೊಳಗಿನ ಉಳಿಕೆ ಬೆಂಕಿಗೆ ಬಿದ್ದರೆ ವಿಷದ ಹೊಗೆ ಏಳುತ್ತದೆ
- ಗೋಣಿ ಚೀಲಗಳು, ನೆನೆಸಲು ಒಂದು ಡ್ರಮ್ಮು
- ಡೀಸೆಲ್ ಎಂಜಿನ್ ಪಂಪು, ಉದ್ದದ ಪೈಪು
- ತಲೆಗೆ ಕಟ್ಟುವ ಬ್ಯಾಟರಿ, ಸೀಟಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ

ಡೀಸೆಲ್ ಪಂಪು ಯಾಕೆ ಅಂತ ಕೇಳುತ್ತಾರೆ. ತೋಟದ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ ಇರುತ್ತದೆ. ಅದು ಇರುವ ಹೊತ್ತಿಗೇ ಬೆಂಕಿ ಬಿದ್ದರೂ ಫೋನ್ ಆದ ಕೂಡಲೇ ಮಾಡಬೇಕಾದದ್ದು ಲೈನ್ ಬಂದ್ ಮಾಡಿಸುವುದು. ಲೈನ್ ಬಂದ್ ಆದ ಕೂಡಲೇ ಊರಿನ ಎಲ್ಲ ಬೋರ್ ನಿಲ್ಲುತ್ತವೆ. ಹಾಗಾಗಿ ಬೋರನ್ನು ನಂಬಿ ಯೋಜನೆ ಮಾಡಬೇಡಿ. ಡೀಸೆಲ್ ಎಂಜಿನ್ ಇಲ್ಲವೆಂದರೆ ಫೆಬ್ರವರಿಯಿಂದ ಮೊದಲ ದೊಡ್ಡ ಮಳೆಯ ತನಕ ಒಂದು ಟ್ರ್ಯಾಕ್ಟರ್ ಟ್ಯಾಂಕರ್ ಸದಾ ತುಂಬಿ ನಿಂತಿರಲಿ. ವಾರಕ್ಕೊಂದು ಮನೆಯ ಪಾಳಿ ಹಾಕಿ.

ಮಣ್ಣಿನ ವಿಷಯವೂ ಮುಂಚೆಯೇ ನೋಡಿಕೊಳ್ಳಿ. ಬೆಂಕಿಗೆ ಮಣ್ಣು ಎರಚಿ ಅನ್ನುವುದು ಸುಲಭ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಬೇಸಿಗೆಗೆ ನೆಲ ಬಿರಿದು, ಸಲಿಕೆಗೆ ಸಿಗುವುದು ಬರೀ ಹೆಂಟೆ. ಹೆಂಟೆ ಎಸೆದರೆ ಬೆಂಕಿ ಆರಲ್ಲ, ಕಿಡಿ ಏಳುತ್ತದೆ. ಅಂಥ ಕಡೆ ಬಣವೆ ಹತ್ತಿರ, ಟಿಸಿ ಹತ್ತಿರ ಒಂದೊಂದು ಟ್ರೇಲರ್ ಮರಳೋ ಸಡಿಲ ಮಣ್ಣೋ ತಂದು ಸುರಿದಿಡಿ.

ಬಟ್ಟೆ: ದಪ್ಪ ಹತ್ತಿಯ ಅಂಗಿ, ಪ್ಯಾಂಟು, ಚರ್ಮದ ಬೂಟು. ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ರಬ್ಬರ್ ಚಪ್ಪಲಿ ಬಿಸಿ ಬೂದಿಯಲ್ಲಿ ಮೆತ್ತಗಾಗುತ್ತದೆ. ಧೋತರ, ಲುಂಗಿ, ಸೆರಗು ಬಿಟ್ಟುಕೊಂಡವರು ಬೆಂಕಿಯ ಹತ್ತಿರ ಬೇಡ.

## ಹಂತ 4: ಹೆಸರು ಹಿಡಿದು ಕೆಲಸ ಹಂಚಿ

ಎಲ್ಲರೂ ಮಾಡೋಣ ಅಂದರೆ ಯಾರೂ ಮಾಡಲ್ಲ. ಐದು ಕೆಲಸಕ್ಕೆ ಐದು ಹೆಸರು, ಅವರು ಊರಲ್ಲಿ ಇಲ್ಲದಿದ್ದರೆ ಅಂತ ಇನ್ನೊಂದೊಂದು ಹೆಸರು: ಫೋನ್ ಮಾಡುವವರು, ಲೈನ್ ಬಂದ್ ಮಾಡಿಸುವವರು, ದನ ಬಿಚ್ಚುವವರು, ಮುದುಕರು ಮಕ್ಕಳನ್ನು ಕರೆದೊಯ್ಯುವವರು, ಬೆಂಕಿಯ ಹತ್ತಿರ ನಿಂತು ಆಜ್ಞೆ ಕೊಡುವವರು. ಕೊನೆಯವರ ಮಾತು ಅವತ್ತು ಅಂತಿಮ, ಅಧ್ಯಕ್ಷರೇ ಬಂದು ನಿಂತರೂ.

ನಂಬರುಗಳನ್ನು ಗೋಡೆ ಮೇಲೆ ದಪ್ಪಗೆ ಬರೆಸಿ. ಅಗ್ನಿಶಾಮಕ 101, ತುರ್ತು ನೆರವು 112, ಆಂಬುಲೆನ್ಸ್ 108, ಅರಣ್ಯ ಸಹಾಯವಾಣಿ 1926, ಹೆಸ್ಕಾಂ 1912, ಪಶು ಸಂಜೀವಿನಿ 1962. ಜತೆಗೆ ನಿಮ್ಮ ತಾಲ್ಲೂಕು ಅಗ್ನಿಶಾಮಕ ಠಾಣೆ, ಲೈನ್‌ಮನ್ ಮತ್ತು ಗಾರ್ಡ್ ಅವರ ನೇರ ನಂಬರ್. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ, ಉಪಗ್ರಹಕ್ಕೆ ಕಂಡ ಬೆಂಕಿಯ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ದುಡ್ಡಿಲ್ಲ. ಊರಿನ ಒಬ್ಬ ಹುಡುಗ ಅದನ್ನು ಮಾಡಿಟ್ಟರೆ ಸಾಕು. ಆದರೆ ಉಪಗ್ರಹ ತಲೆ ಮೇಲೆ ಹಾಯುವುದು ದಿನಕ್ಕೆ ಕೆಲವು ಸಲ ಮಾತ್ರ, ಹಾಗಾಗಿ ಗುಡ್ಡದ ಮೇಲಿನ ಕುರಿಗಾಹಿಯ ಕಣ್ಣೇ ಮುಂದು.

ಖಾನಾಪುರದ ಕಾಡೂರುಗಳಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ನಕ್ಷೆಯಲ್ಲೇ ಗುರುತಿಸಿ. ಬೈಕಿನಲ್ಲಿ ಅಲ್ಲಿಗೆ ಓಡುವವರು ಯಾರು ಅಂತಲೂ ಈಗಲೇ ಹೇಳಿಬಿಡಿ. ಗುಡಿ, ಮಸೀದಿಯ ಮೈಕಿನಲ್ಲಿ ಕೂಗುವಾಗ ಆ ಕಡೆ ಕನ್ನಡದ ಜತೆ ಮರಾಠಿಯಲ್ಲೂ ಕೂಗಿ. ಗೋವಾ ಗಡಿಯ ಆಚೆಯ ಹೊಗೆಯನ್ನೂ ತಳ್ಳಿಹಾಕಬೇಡಿ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಬೆಂಕಿ ಇತ್ತು. ಅದರ ಬೆನ್ನಿಗೇ ನಮ್ಮ ಭೀಮಗಡ.

## ಹಂತ 5: ಹೊಗೆ ಕಂಡ ಮೊದಲ ಅರ್ಧ ಗಂಟೆ

ಇಲ್ಲಿ ಸರದಿಯೇ ಎಲ್ಲ.

ಒಂದು, ಫೋನ್. ಹೊಗೆ ಎಷ್ಟೇ ಸಣ್ಣದಿರಲಿ, ಮೊದಲು ಫೋನ್. ನಾವೇ ಆರಿಸಿಬಿಡೋಣ ಅಂತ ಕಾಯ್ದು, ಕೈ ಮೀರಿದ ಮೇಲೆ ಫೋನ್ ಮಾಡುವುದೇ ಎಲ್ಲಕ್ಕಿಂತ ದುಬಾರಿ ತಪ್ಪು. ಬೆಂಕಿ ಆರಿಹೋದರೆ ಗಾಡಿ ವಾಪಸ್ ಹೋಗುತ್ತದೆ, ಯಾರೂ ಬೈಯಲ್ಲ. ಫೋನಿನಲ್ಲಿ ಹೇಳಬೇಕಾದದ್ದು ನಾಲ್ಕು: ಊರು, ತಾಲ್ಲೂಕು. ಏನು ಉರಿಯುತ್ತಿದೆ. ಗಾಡಿ ಯಾವ ದಾರಿಯಲ್ಲಿ ಬರಬೇಕು. ಹತ್ತಿರದ ನೀರು ಎಲ್ಲಿದೆ. ಹೇಳಿದ ಮೇಲೆ ಒಬ್ಬರನ್ನು ಮುಖ್ಯ ರಸ್ತೆಯ ಕ್ರಾಸಿಗೆ ಕಳಿಸಿ. ತೋಟಪಟ್ಟಿ ದಾರಿಗಳಲ್ಲಿ ಹೊರಗಿನವರಿಗೆ ದಿಕ್ಕು ಸಿಗಲ್ಲ, ಕಬ್ಬು ಎತ್ತರಕ್ಕೆ ನಿಂತಾಗಂತೂ ಎಲ್ಲ ದಾರಿಯೂ ಒಂದೇ ಥರ ಕಾಣುತ್ತದೆ.

ಎರಡು, ಲೈನ್. ಹತ್ತಿರದಲ್ಲಿ ತಂತಿ ಇದ್ದರೆ ಬಂದ್ ಆಗಿದೆ ಅಂತ ಲೈನ್‌ಮನ್ ಹೇಳುವವರೆಗೆ ಆ ಕಡೆ ನೀರು ಹಾರಿಸಬೇಡಿ. ಟಿಸಿಗೆ ನೀವೇ ಕೈ ಹಚ್ಚಬೇಡಿ. ಹರಿದು ಬಿದ್ದ ತಂತಿಯಿಂದ ಮೂವತ್ತು ಅಡಿ ದೂರ. ತಂತಿಯ ಕೆಳಗೆ ದಟ್ಟ ಹೊಗೆ ಇದ್ದರೆ ಹೊಗೆಯ ಮೂಲಕವೂ ಕರೆಂಟ್ ನೆಲಕ್ಕೆ ಹಾರಬಲ್ಲದು. ಅಲ್ಲಿ ಯಾರೂ ನಿಲ್ಲಬಾರದು.

ಮೂರು, ಜನ ಮತ್ತು ದನ. ಗಾಳಿ ಬೀಸುವ ಕಡೆಗಿರುವ ಮನೆ, ಗುಡಿಸಲು ಮೊದಲು ಖಾಲಿ ಮಾಡಿಸಿ. ಬೆಂಕಿಯ ಮುಂದೆ ಮುಂದೆ ಓಡಿಸಬೇಡಿ. ಅಡ್ಡಕ್ಕೆ, ಉತ್ತ ಹೊಲದ ಕಡೆಗೋ ಕೆರೆಯ ಕಡೆಗೋ ಕರೆದೊಯ್ಯಿರಿ. ಕೊಟ್ಟಿಗೆಯ ಬಾಗಿಲಿಗೆ ಬೇಸಿಗೆಯುದ್ದಕ್ಕೂ ಒಂದು ಕುಡಗೋಲು ಸಿಕ್ಕಿಸಿಟ್ಟಿರಿ. ಗಾಬರಿಯಲ್ಲಿ ಎತ್ತು ಜಗ್ಗಿದಾಗ ಗಂಟು ಬಿಗಿದು ಬೆರಳಿಗೆ ಬಿಚ್ಚಲು ಬರಲ್ಲ, ನೈಲಾನ್ ಹಗ್ಗ ಬಿಸಿಗೆ ಕರಗಿ ಅಂಟಿಕೊಂಡಿರುತ್ತದೆ. ಕೊಯ್ದೇ ಬಿಡಬೇಕು. ಬಿಟ್ಟ ದನ ಮತ್ತೆ ಅದೇ ಕೊಟ್ಟಿಗೆಗೆ ನುಗ್ಗುತ್ತದೆ, ಅದಕ್ಕೆ ಗೊತ್ತಿರುವ ಆಸರೆ ಅದೊಂದೇ. ಹೊರಗಟ್ಟಿದ ಮೇಲೆ ಬಾಗಿಲು ಹಾಕಿ, ಒಬ್ಬರು ಅಟ್ಟಿಕೊಂಡು ದೂರ ಹೋಗಲಿ.

ನಾಲ್ಕು, ಬೆಂಕಿಯ ಮುಂದಿನ ನೆಲ. ಇಷ್ಟಾದ ಮೇಲೆ ಟ್ರ್ಯಾಕ್ಟರ್. ಅದು ಉರಿಯುವ ಜಾಗಕ್ಕೆ ಹೋಗುವುದಲ್ಲ, ಬೆಂಕಿ ಬರುವ ದಾರಿಯಲ್ಲಿ ಸಾಕಷ್ಟು ಮುಂದೆ ಹೋಗಿ ಅಡ್ಡಕ್ಕೆ ಉಳಬೇಕು. ಹತ್ತಿರ ಉಳಲು ಹೋದರೆ ಅರ್ಧ ಸಾಲು ಮುಗಿಯುವುದರೊಳಗೆ ಬೆಂಕಿ ದಾಟಿರುತ್ತದೆ. ಡ್ರೈವರ್ ಒಬ್ಬನೇ ಬೇಡ. ಗಾಳಿ, ಕಿಡಿ ನೋಡಿ ಸೀಟಿ ಊದುವವರೊಬ್ಬರು ಬದುವಿನ ಮೇಲೆ ನಿಂತಿರಲಿ.

ಬೆಂಕಿ ಆರಿಸುವ ಸರದಿ ಬರುವುದು ಇದಾದ ಮೇಲೆ.

## ಹಂತ 6: ಆರಿಸುವ ಬಗೆ, ಬಿಟ್ಟು ಬರುವ ಹೊತ್ತು

ಯಾವತ್ತೂ ಸುಟ್ಟು ಕಪ್ಪಾದ ಕಡೆಯಿಂದ ಶುರು ಮಾಡಿ. ಬೆಂಕಿಯ ಬೆನ್ನಿನಿಂದ ಹೊರಟು ಎರಡೂ ಪಕ್ಕೆ ಹಿಡಿದು ಮುಂದಕ್ಕೆ ಹೋಗಬೇಕು. ಹೆಚ್ಚುಕಮ್ಮಿ ಆದರೆ ಒಂದು ಹೆಜ್ಜೆ ಹಿಂದಿಟ್ಟರೆ ಸುಟ್ಟ ನೆಲ. ಅಲ್ಲಿ ಮತ್ತೆ ಉರಿಯಲು ಏನೂ ಇಲ್ಲ. ಎದುರಿಗೆ ಹೋಗಿ ನಿಂತವರಿಗೆ ಆ ಅನುಕೂಲ ಇಲ್ಲ.

ಸೊಂಟದೆತ್ತರದ ಒಳಗಿನ ಹುಲ್ಲಿನ ಬೆಂಕಿಗೆ ಬೇವಿನ ಅಥವಾ ಹೊಂಗೆಯ ಹಸಿ ಟೊಂಗೆ ಸಾಕು. ಆರಡಿ ಉದ್ದ, ತುದಿಯಲ್ಲಿ ದಟ್ಟ ಎಲೆ. ಆದರೆ ಬಡಿಯುವುದು ಹೇಗೆ ಅನ್ನುವುದು ಮುಖ್ಯ. ತಲೆ ಮೇಲೆತ್ತಿ ಬೀಸಿ ಹೊಡೆದರೆ ಕಿಡಿ ನಾಲ್ಕು ಕಡೆ ಚಿಮ್ಮಿ ಹಿಂದೆ ಹೊಸ ಬೆಂಕಿ ಏಳುತ್ತದೆ. ಟೊಂಗೆಯನ್ನು ಉರಿಯ ಬುಡಕ್ಕೆ ಒತ್ತಿ, ಸುಟ್ಟ ಕಡೆಗೆ ಎಳೆಯಿರಿ. ಒತ್ತಿ, ಎಳೆದು, ಒತ್ತಿ. ನೆನೆಸಿದ ಗೋಣಿ ಚೀಲಕ್ಕೂ ಇದೇ ಕ್ರಮ. ಬೆನ್ನಿನ ಪಂಪಿನ ನೀರನ್ನು ಉರಿಯ ಮೇಲೆ ಹೊಡೆಯಬೇಡಿ, ಬುಡಕ್ಕೆ ಹೊಡೆಯಿರಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಹಾಕಿದರೆ ಒಣ ಎಲೆಯ ಮೇಲಿಂದ ಜಾರದೆ ಒಳಗೆ ಇಳಿಯುತ್ತದೆ.

ಕಬ್ಬಿಗೆ ಬಿದ್ದ ಬೆಂಕಿಯೇ ಬೇರೆ. ಉರಿ ಕಬ್ಬಿಗಿಂತ ಎತ್ತರ ಏಳುತ್ತದೆ. ಸಾಲುಗಳೊಳಗೆ ಹೋದವರಿಗೆ ಎರಡು ಮಾರು ಆಚೆ ಏನಿದೆ ಅಂತ ಕಾಣಲ್ಲ. ಹಂದಿ, ಹಾವು ಅದೇ ಸಾಲಿನಲ್ಲಿ ಹೊರಗೆ ಓಡಿ ಬರುತ್ತವೆ. ಮಾಲೀಕರು ಎಷ್ಟೇ ಅತ್ತರೂ ಒಳಗೆ ಯಾರನ್ನೂ ಬಿಡಬೇಡಿ. ಹತ್ತಿದ ಫಡವನ್ನು ಬಿಟ್ಟುಕೊಟ್ಟು ಪಕ್ಕದ ಫಡ ಉಳಿಸಿ. ಅಂಚಿನ ಸಾಲು ಕಡಿದು ಉರಿಯದ ಕಡೆಗೆ ಎಳೆಯಿರಿ, ದಾರಿ ನೆನೆಸಿ, ಹಾರಿ ಬಂದ ಕಿಡಿ ತುಳಿಯಿರಿ.

ಬಣವೆಗೆ ಮೇಲಿಂದ ನೀರು ಸುರಿದರೆ ಹೊರಗಡೆ ಜಾರಿ ಹೋಗುತ್ತದೆ. ಒಳಗಿನ ಕೆಂಡ ಹಾಗೇ ಇರುತ್ತದೆ. ದಂತಿಯಿಂದ ಎಳೆದು ಬಿಡಿಸಿ, ಹರವಿ, ಆಮೇಲೆ ನೀರು. ಮೇಲೆ ಹತ್ತಬೇಡಿ. ಒಳಗೆ ಉರಿದು ಟೊಳ್ಳಾಗಿದ್ದರೆ ಕಾಲು ಸೀದಾ ಕೆಂಡಕ್ಕೆ.

ಇಳಿಜಾರಿನಲ್ಲಿ ಬೆಂಕಿ ಕೆಳಗಿದ್ದು ನೀವು ಮೇಲಿದ್ದರೆ ಒಂದು ನಿಮಿಷವೂ ನಿಲ್ಲಬೇಡಿ. ಏರಿನಲ್ಲಿ ಉರಿ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸುತ್ತಾ ಬರುತ್ತದೆ, ಓಡುವವರಿಗಿಂತ ಜೋರಾಗಿ ಏರುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಸಿಕ್ಕಿಬಿದ್ದದ್ದು ಇಂಥದ್ದೇ ಒಣ ಹುಲ್ಲಿನ ಇಳಿಜಾರಿನಲ್ಲಿ.

ಸಲಿಕೆ, ಟೊಂಗೆ ಕೆಳಗೆ ಹಾಕಿ ಹಿಂದೆ ಸರಿಯಬೇಕಾದ ಸೂಚನೆಗಳು:

- ಉರಿ ಎದೆಯ ಎತ್ತರ ದಾಟಿದೆ
- ನಿಮ್ಮ ಬೆನ್ನ ಹಿಂದೆ ಕಿಡಿ ಬಿದ್ದು ಹೊಗೆ ಏಳುತ್ತಿದೆ
- ಬಾಗಿದ್ದ ಹೊಗೆ ಒಮ್ಮೆಲೇ ನೆಟ್ಟಗಾಯಿತು, ಅಥವಾ ದಿಕ್ಕು ಬದಲಿಸಿತು
- ಏಪ್ರಿಲ್, ಮೇ ಮಧ್ಯಾಹ್ನ ಗುಡುಗು ಕೇಳಿಸಿ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಮಳೆ ಬರುತ್ತದೆ ಅಂತ ಖುಷಿಪಡುವಂತಿಲ್ಲ. ಮಳೆಗಿಂತ ಮುಂಚೆ ಬರುವ ಆ ಗಾಳಿ ಬೆಂಕಿಯನ್ನು ನಿಮ್ಮ ಕಡೆಗೇ ತಿರುಗಿಸಬಹುದು
- ಜತೆಗಾರನ ತಲೆ ಸುತ್ತುತ್ತಿದೆ, ಮಾತು ತೊದಲುತ್ತಿದೆ

ಎದುರು ಬೆಂಕಿ ಕೊಡೋಣ (ಬರುವ ಬೆಂಕಿಯ ಮುಂದೆ ನಾವೇ ಇನ್ನೊಂದು ಬೆಂಕಿ ಹಚ್ಚೋಣ) ಅಂತ ಪ್ರತಿ ಊರಲ್ಲೂ ಒಬ್ಬ ಹಿರಿಯರು ಹೇಳುತ್ತಾರೆ. ಗೌರವದಿಂದಲೇ ಬೇಡ ಅನ್ನಿ. ಅದು ತರಬೇತಿ ಆದ ಇಲಾಖೆ ಸಿಬ್ಬಂದಿಯ ಕೆಲಸ. ಗಾಳಿಯ ಅಂದಾಜು ತಪ್ಪಿದರೆ ಒಂದು ಬೆಂಕಿ ಎರಡಾಗುತ್ತದೆ. ವಿಡಿಯೊ ಮಾಡುವ ಹುಡುಗರನ್ನು ಸುಮ್ನೆ ಬೈಯುವ ಬದಲು ನೀರು ತುಂಬಲು ಹಚ್ಚಿ.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಐಸು ಬೇಡ. ಟೂತ್‌ಪೇಸ್ಟ್, ಇಂಕು, ಅರಿಶಿನ, ಸಗಣಿ ಏನೂ ಬೇಡ. ಅಂಟಿದ ಬಟ್ಟೆ ಕೀಳಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ 108ಕ್ಕೆ ಹೇಳಿ. ಹೊಗೆ ಕುಡಿದು ಕೆಮ್ಮುತ್ತಿರುವವರು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕಳಿಸಿ.

## ಹಂತ 7: ಆರಿದ ಮೇಲಿನ ಕೆಲಸ

ಗಾಡಿ ಹೋಯಿತು, ಎಲ್ಲರೂ ಮನೆಗೆ ಹೋದರು, ರಾತ್ರಿ ಮತ್ತೆ ಹತ್ತಿತು. ಇದೂ ಹೊಸದಲ್ಲ. ಒಣ ಬೊಡ್ಡೆ, ತಿಪ್ಪೆ, ಬದುವಿನ ಬೇರು ಒಳಗೊಳಗೇ ದಿನಗಟ್ಟಲೆ ಉರಿಯುತ್ತವೆ. ಅಂಚಿನ ಸುತ್ತ ಬೂದಿ ಕೆದಕಿ ನೀರು ಹಾಕಿ. ಅಂಗೈ ಬೇಡ, ಕೈಯ ಹಿಂಬದಿಯನ್ನು ನೆಲಕ್ಕೆ ಹತ್ತಿರ ಹಿಡಿದು ಬಿಸಿ ನೋಡಿ. ಕತ್ತಲಾದ ಮೇಲೆ ಒಂದು ಸುತ್ತು ಹೊಡೆದರೆ ಹಗಲು ಕಾಣದ ಕೆಂಡ ಕಾಣುತ್ತದೆ. ಒಂದು ರಾತ್ರಿ, ಒಂದು ಹಗಲು ಇಬ್ಬಿಬ್ಬರ ಪಾಳಿ ಇರಲಿ.

ಸುಟ್ಟ ಕಬ್ಬಿದ್ದರೆ ಅದೇ ದಿನ ಕಾರ್ಖಾನೆಯ ಫೀಲ್ಡ್‌ಮನ್‌ಗೆ ತಿಳಿಸಿ. ದಿನ ಕಳೆದಂತೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತದೆ. ಕಡಿಯುವ ಪಾಳಿ ಬೇಗ ಬರುವ ಹಾಗೆ ಮಾಡಿಸಿಕೊಳ್ಳಲು ಬೆನ್ನು ಹತ್ತಬೇಕು.

ಕಾಗದದ ಕೆಲಸಕ್ಕೆ ಜಾಗ ಸ್ವಚ್ಛ ಮಾಡುವ ಮುಂಚೆಯೇ ಫೋಟೊ ತೆಗೆಯಿರಿ. ತಂತಿ, ಟಿಸಿ ಕಾಣುವ ಹಾಗೆ, ಸರ್ವೆ ನಂಬರ್ ಬರೆದ ಚೀಟಿ ಹಿಡಿದು. ಪೊಲೀಸ್ ಠಾಣೆಗೆ ದೂರು, ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ, ಅಗ್ನಿಶಾಮಕ ಠಾಣೆಯ ವರದಿ, ದನ ಸತ್ತಿದ್ದರೆ ಪಶು ವೈದ್ಯರ ಮರಣೋತ್ತರ ಪರೀಕ್ಷೆ. ದನ ಹೂಳಿದ ಮೇಲೆ ವೈದ್ಯರನ್ನು ಕರೆದರೆ ಪ್ರಯೋಜನ ಇಲ್ಲ. ಕರೆಂಟಿನಿಂದ ಹತ್ತಿದ್ದು ಅನ್ನುವವರು ಹೆಸ್ಕಾಂಗೂ ವಿದ್ಯುತ್ ಪರಿವೀಕ್ಷಕರ ಕಚೇರಿಗೂ ಬರೆದು ಕೊಡಬೇಕು. ಹಂತ 1ರ ಸ್ವೀಕೃತಿ ಚೀಟಿಯ ನಕಲು ಅದಕ್ಕೆ ಲಗತ್ತಿಸಿ. ಬಣವೆಯ ಪರಿಹಾರದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಪ್ರತಿ ಅರ್ಜಿಯ ಒಂದು ನಕಲು ಮನೆಯಲ್ಲಿ.

ಪಂಪುಗಳನ್ನು ತೊಳೆದು, ಎಂಜಿನ್ನಿಗೆ ಡೀಸೆಲ್ ಹಾಕಿ, ಮುರಿದ ಹಿಡಿಗಳನ್ನು ಬಡಗಿಗೆ ಕೊಟ್ಟು, ಟ್ಯಾಂಕರನ್ನು ಅವತ್ತೇ ಸಂಜೆ ಮತ್ತೆ ತುಂಬಿಸಿ ನಿಲ್ಲಿಸಿ.